ಟೈಲರ್ ಓದಬಲ್ಲ ಚಿತ್ರ

"ನಂಗೆ ಚಿತ್ರ ಬರೆಯೋಕೆ ಬರಲ್ಲ ಅಕ್ಕಾ, ಆದ್ರೂ ಕಾಸ್ಟ್ಯೂಮ್ ಮಾಡ್ಬಹುದಾ?" ರಂಗಶಿಬಿರಗಳಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಖಂಡಿತ ಮಾಡಬಹುದು ಎನ್ನುತ್ತೇನೆ. ನುರಿತ ಕೈಯ ಸುಂದರ ಚಿತ್ರವನ್ನು ಮುಂದಿಟ್ಟುಕೊಂಡು, ಎಲ್ಲಿ ಕತ್ತರಿ ಹಾಕಬೇಕೆಂದು ತಿಳಿಯದೆ ಟೈಲರ್ ಸುಮ್ಮನೆ ಕೂತದ್ದನ್ನು ನೋಡಿದ್ದೇನೆ. ಒರಟು ಗೆರೆಯಲ್ಲಿ ಕೈಕಾಲು ಎಳೆದು, ಪಕ್ಕದಲ್ಲಿ ನಾಲ್ಕು ಬಾಣದ ಗುರುತು ಹಾಕಿ, ಮೂಲೆಗೆ ಬಟ್ಟೆಯ ಚೂರು ಹೊಲಿದ ಹಾಳೆಯಿಂದ ಒಳ್ಳೆಯ ವೇಷ ಎದ್ದು ಬಂದದ್ದನ್ನೂ ನೋಡಿದ್ದೇನೆ. ನಿರ್ದೇಶಕರು, ನಟರು, ಟೈಲರ್, ಬೆಳಕಿನವರು ನಾಲ್ವರೂ ಒಂದೇ ಹಾಳೆ ನೋಡಿ ಒಂದೇ ವೇಷವನ್ನು ಕಾಣಬೇಕು. ವೇಷದ ಸ್ಕೆಚ್ ಇರುವುದೇ ಅದಕ್ಕೆ.

ನಮ್ಮಲ್ಲಿ ಈ ರೂಢಿ ಬಹಳ ಹಳೆಯದೇನಲ್ಲ. ಕಂಪನಿ ನಾಟಕಗಳಲ್ಲಿ ರಾಜನಿಗೆ ಇಂಥ ಪೋಷಾಕು, ನಾರದನಿಗೆ ಇಂಥದ್ದು ಎಂಬುದು ಡ್ರೆಸ್ಸಿನ ಪೆಟ್ಟಿಗೆಯಲ್ಲೇ ತೀರ್ಮಾನವಾಗಿರುತ್ತಿತ್ತು. 1894ರಲ್ಲಿ ರವಿವರ್ಮ ಮುದ್ರಣಾಲಯ ತೆರೆದ ಮೇಲೆ ಅವನ ಬಣ್ಣದ ಪಟಗಳು ಮನೆಮನೆಯ ಗೋಡೆಗೆ ಬಂದವು. ದೇವರು ಏನು ಉಡುತ್ತಾನೆ, ರಾಣಿ ಏನು ತೊಡುತ್ತಾಳೆ ಎಂಬುದಕ್ಕೆ ಅವೇ ಮಾದರಿಯಾದವು. ಇವತ್ತಿಗೂ ತುಮಕೂರು, ಮಂಡ್ಯದ ಕಡೆ ಊರವರು ಸೇರಿ 'ಕುರುಕ್ಷೇತ್ರ' ಆಡುವಾಗ ಕಿರೀಟ, ಭುಜಕೀರ್ತಿ, ಜರಿಯ ನಿಲುವಂಗಿ ಎಲ್ಲವೂ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುತ್ತವೆ. ಅಲ್ಲಿಯ ದುರ್ಯೋಧನ ಊರಿಗೆಲ್ಲ ಗೊತ್ತಿರುವ ದುರ್ಯೋಧನ. ಆ ಪರಂಪರೆಗೆ ತನ್ನದೇ ಕಸುವಿದೆ, ಅದಕ್ಕೆ ಹಾಳೆ ಬೇಕಿಲ್ಲ. ಈ ನಾಟಕದ, ಈ ನಟನ, ಈ ಓದಿನ ದುರ್ಯೋಧನ ಬೇಕು ಎಂದಾಗ ಪೆನ್ಸಿಲ್ ಹಿಡಿಯಬೇಕಾಗುತ್ತದೆ. ಹವ್ಯಾಸಿ ರಂಗಭೂಮಿಯಲ್ಲಿ ವೇಷದ ಬಗ್ಗೆ ಹೀಗೆ ಬಿಡಿಯಾಗಿ ಕೂತು ಯೋಚಿಸುವ ಕೆಲಸಕ್ಕೆ ಮರ್ಯಾದೆ ತಂದವರಲ್ಲಿ ಪ್ರೇಮಾ ಕಾರಂತರು ಮುಖ್ಯರು. ಅವರ ನಂತರ ಬಂದ ನಮ್ಮಂಥವರು ಕೆಲಸ ಮಾಡುತ್ತ ಮಾಡುತ್ತ ಕಂಡುಕೊಂಡ ಕೆಲವು ಸಂಗತಿಗಳು ಇಲ್ಲಿವೆ.

1. ಪೆನ್ಸಿಲ್ ಹಿಡಿಯುವ ಮೊದಲು ಪಟ್ಟಿ ಮಾಡಿ

ನಾಟಕ ಓದಿ ಮುಗಿಸಿದ ಕೂಡಲೇ ಮನಸ್ಸಿನಲ್ಲಿ ಬಣ್ಣಗಳು ಎದ್ದು ಬರುತ್ತವೆ. ಬರಲಿ, ಆದರೆ ಬರೆಯಬೇಡಿ. ಮೊದಲು ದೊಡ್ಡ ಹಾಳೆಯಲ್ಲಿ ಮನೆ ಹಾಕಿಕೊಳ್ಳಿ: ಮೇಲಿನಿಂದ ಕೆಳಕ್ಕೆ ಪಾತ್ರಗಳು, ಎಡದಿಂದ ಬಲಕ್ಕೆ ದೃಶ್ಯಗಳು. ಪ್ರತಿ ಮನೆಯಲ್ಲೂ ಪಾತ್ರ ಎಲ್ಲಿಂದ ಬಂತು, ಯಾವ ಹೊತ್ತು, ರಂಗದ ಮೇಲೆ ಏನು ಮಾಡುತ್ತದೆ, ಮುಂದಿನ ಪ್ರವೇಶಕ್ಕೆ ಎಷ್ಟು ಬಿಡುವಿದೆ ಎಂದು ತುಂಬುತ್ತ ಹೋಗಿ.

ಗಿರೀಶ ಕಾರ್ನಾಡರ 'ತುಘಲಕ್' (1964) ಇದನ್ನು ಕಲಿಸುವುದಕ್ಕೇ ಬರೆದಂತಿದೆ. ನಾಟಕ 1327ರಲ್ಲಿ ದೆಹಲಿಯಲ್ಲಿ ಶುರುವಾಗಿ ಐದು ವರ್ಷ ದಾಟಿ ದೌಲತಾಬಾದಿನಲ್ಲಿ ಮುಗಿಯುತ್ತದೆ. ಸುಲ್ತಾನನಿಗೆ ಒಂದೇ ವೇಷ ಬರೆದರೆ ಆ ಐದು ವರ್ಷ ನೋಡುಗರಿಗೆ ಕಾಣುವುದೇ ಇಲ್ಲ. ಇದು ಯಾರಿಗಾದರೂ ಹೊಳೆಯುತ್ತದೆ. ಪಟ್ಟಿ ಮಾಡಿದಾಗ ಮಾತ್ರ ಹೊಳೆಯುವುದು ಅಜೀಜನ ಸಂಗತಿ. ಅವನು ಅಗಸ. ಮೊದಲು ಬ್ರಾಹ್ಮಣನ ವೇಷದಲ್ಲಿ ಬಂದು ಸುಲ್ತಾನನ ಮೇಲೇ ದಾವೆ ಗೆಲ್ಲುತ್ತಾನೆ. ದೌಲತಾಬಾದಿನ ದಾರಿಯಲ್ಲಿ ಸರ್ಕಾರಿ ಅಧಿಕಾರಿಯಾಗಿರುತ್ತಾನೆ. ಕೊನೆಗೆ ಖಲೀಫನ ವಂಶದ ಘಿಯಾಸುದ್ದೀನನನ್ನು ಕೊಂದು, ಅವನ ನಿಲುವಂಗಿ ತೊಟ್ಟು ಸುಲ್ತಾನನ ಎದುರಿಗೇ ನಿಲ್ಲುತ್ತಾನೆ. ಉಳಿದವರೆಲ್ಲ ತಮ್ಮ ತಮ್ಮ ಬಟ್ಟೆಯಲ್ಲಿದ್ದರೆ ಇವನೊಬ್ಬ ಇಡೀ ನಾಟಕದಲ್ಲಿ ಬೇರೆಯವರ ಬಟ್ಟೆಯಲ್ಲಿ ಓಡಾಡುತ್ತಾನೆ.

ಹವ್ಯಾಸಿ ತಂಡವೊಂದಕ್ಕೆ ಈ ನಾಟಕ ಮಾಡುವಾಗ ಆ ಪಟ್ಟಿಯಿಂದಲೇ ಎರಡು ತೀರ್ಮಾನ ಹುಟ್ಟಿದವು. ಅಜೀಜನ ಯಾವ ಬಟ್ಟೆಯೂ ಅವನ ಅಳತೆಗೆ ಕೂರಬಾರದು: ತೋಳು ಒಂದು ಇಂಚು ಉದ್ದ, ಕೊರಳು ಸಡಿಲ, ಭುಜದ ಹೊಲಿಗೆ ಭುಜದಿಂದ ಸ್ವಲ್ಪ ಕೆಳಗೆ. ಎರಡನೆಯದು, ಘಿಯಾಸುದ್ದೀನನ ನಿಲುವಂಗಿಯನ್ನು ಇಬ್ಬರು ನಟರ ಮೈಮೇಲೂ ಬರೆಯಬೇಕು. ಒಂದೇ ಅಂಗಿ, ಎರಡು ಮೈ, ಎರಡು ಸ್ಕೆಚ್. ಮೊದಲನೆಯವನ ಮೇಲೆ ಅದು ದೂಳು ಹಿಡಿದಿದ್ದರೂ ಹುಟ್ಟಿನಿಂದಲೇ ಬಂದದ್ದೆಂಬಂತೆ ಇಳಿಬಿದ್ದಿರಬೇಕು. ಎರಡನೆಯವನು ಅದನ್ನು ಹೊತ್ತುಕೊಂಡು ನಿಂತಂತೆ ಕಾಣಬೇಕು.

2. ಒಂಬತ್ತು ತಲೆ ಎತ್ತರದ ಮನುಷ್ಯ ತಾಲೀಮಿಗೆ ಬರುವುದಿಲ್ಲ

ಫ್ಯಾಷನ್ ಕಲಿತು ಬಂದವರು ಬರೆಯುವ ಆಕೃತಿ ಒಂಬತ್ತು, ಕೆಲವೊಮ್ಮೆ ಹತ್ತು ತಲೆಯಷ್ಟು ಎತ್ತರ ಇರುತ್ತದೆ. ಬೆಳೆದ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆ. ಆ ಹೆಚ್ಚಿನ ಒಂದೂವರೆ ತಲೆಯೆಲ್ಲ ಕಾಲಿಗೇ ಹೋಗಿರುವುದರಿಂದ ಹಾಳೆಯ ಮೇಲೆ ಯಾವ ನೆರಿಗೆಯೂ ಚೆಂದ, ಯಾವ ಅಂಚೂ ಚೆಂದ. ಐದಡಿ ಎರಡಿಂಚಿನ ನಟಿಯ ಸೊಂಟಕ್ಕೆ ಅದೇ ಆರು ಇಂಚಿನ ಅಂಚಿನ ಸೀರೆ ಸುತ್ತಿದಾಗ ಮೊಣಕಾಲಿನ ಕೆಳಗೆ ಅಂಚೇ ಎದ್ದು ಕಾಣುತ್ತದೆ.

ತಾಲೀಮಿನಲ್ಲಿ ನಟರ ಪೂರ್ತಿ ಎತ್ತರದ ಫೋಟೋ ತೆಗೆದುಕೊಳ್ಳಿ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಅದರ ಮೇಲೆ ಟ್ರೇಸಿಂಗ್ ಹಾಳೆಯಿಟ್ಟು ಹಗುರವಾಗಿ ಗೆರೆ ಎಳೆದು, ಆ ಮೈಗೇ ವೇಷ ತೊಡಿಸಿ. ಭುಜ ಬಾಗಿದ್ದರೆ ಬಾಗಿರಲಿ, ಹೊಟ್ಟೆ ಇದ್ದರೆ ಇರಲಿ. ನಟರೂ ಇಂಥ ಸ್ಕೆಚ್ಚನ್ನು ಬೇರೆ ಥರ ನೋಡುತ್ತಾರೆ. ತಮ್ಮನ್ನು ಕಂಡು ಬರೆದದ್ದು ಎಂಬುದು ಅವರಿಗೆ ಕೂಡಲೇ ತಿಳಿಯುತ್ತದೆ.

3. ಕೆಲಸ ಮಾಡುತ್ತಿರುವ ಮೈಯನ್ನು ಬರೆಯಿರಿ

ಜರ್ಮನ್ ನಾಟಕಕಾರ ಬ್ರೆಕ್ಟ್‌ನ ಜೊತೆ ಕೆಲಸ ಮಾಡಿದ ರಂಗವಿನ್ಯಾಸಕ ಕ್ಯಾಸ್ಪರ್ ನೆಹರ್ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ಬರೆಯುತ್ತಿರಲಿಲ್ಲ. ಒಬ್ಬ ಬಾಗಿದ್ದಾನೆ, ಒಬ್ಬಳು ಬೆನ್ನು ತಿರುಗಿಸಿದ್ದಾಳೆ, ಮೇಜಿನ ಸುತ್ತ ಜನ ಗುಂಪಾಗಿದ್ದಾರೆ, ಹೀಗೆ ದೃಶ್ಯದ ಒಂದು ಗಳಿಗೆಯನ್ನು ಹಿಡಿಯುತ್ತಿದ್ದ. ಬ್ರೆಕ್ಟ್ ತಾಲೀಮಿನಲ್ಲಿ ನಟರನ್ನು ನಿಲ್ಲಿಸಲು ಆ ಚಿತ್ರಗಳನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಿದ್ದ.

ಕೈ ಇಳಿಬಿಟ್ಟು ನೆಟ್ಟಗೆ ನಿಂತ ಆಕೃತಿ ಎಷ್ಟೋ ಸಂಗತಿಗಳನ್ನು ಮುಚ್ಚಿಡುತ್ತದೆ. ಕಚ್ಚೆ ಹಾಕಿದವನು ಕುಕ್ಕರುಗಾಲಲ್ಲಿ ಕೂತಾಗ ಎಲ್ಲಿ ಬಿಗಿಯುತ್ತದೆ, ಸೆರಗು ಹೊದ್ದವಳು ಕೈ ಎತ್ತಿದಾಗ ಕುಪ್ಪಸದ ಕಂಕುಳು ಎಷ್ಟು ಕಾಣುತ್ತದೆ, ಇದೆಲ್ಲ ಹಾಳೆಯ ಮೇಲೇ ಬಗೆಹರಿಯಬೇಕು. ಪ್ರತಿ ಮುಖ್ಯ ವೇಷಕ್ಕೂ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಎರಡು ಚಿಕ್ಕ ಚಿತ್ರ ಸೇರಿಸಿ: ಪಾತ್ರ ಕೂತದ್ದು, ಪಾತ್ರ ಅತಿ ಹೆಚ್ಚು ಮೈ ಬಳಸುವ ಗಳಿಗೆಯದು.

ಕಾರ್ನಾಡರದೇ 'ಹಯವದನ'ಕ್ಕೆ (1971) ನಾನು ಬಳಸಿದ ಉಪಾಯವೊಂದಿದೆ. ದೇವದತ್ತನದು ತಿಳಿಬಣ್ಣದ ಮುಖವಾಡ, ಕಪಿಲನದು ಕಪ್ಪು. ಕಥೆಯಲ್ಲಿ ಈ ಇಬ್ಬರ ತಲೆಗಳು ಅದಲುಬದಲಾದಾಗ ಮುಖವಾಡಗಳೂ ಬದಲಾಗುತ್ತವೆ. ಮೈ ಮಾತ್ರ ಉಟ್ಟ ಬಟ್ಟೆಯೊಂದಿಗೆ ಹಾಗೇ ಉಳಿಯುತ್ತದೆ. ಹಾಗಾದರೆ ಕೊರಳಿನ ಕೆಳಗಿನ ವೇಷವೇ 'ಇದು ಕಪಿಲನ ಮೈ' ಎಂದು ಕೊನೆಯ ಸಾಲಿನವರಿಗೂ ಹೇಳಬೇಕು. ಇಬ್ಬರ ಮೈಯನ್ನೂ ತಲೆಯಿಲ್ಲದೆ ಬರೆದು, ತಲೆಗಳನ್ನು ಬೇರೆ ರಟ್ಟಿನಲ್ಲಿ ಕತ್ತರಿಸಿ, ಹಾಳೆಯ ಮೇಲೆ ಜರುಗಿಸಿ ನೋಡಿ. ಯಾವ ತಲೆ ಯಾವ ಮೈಗೆ ಬಂದರೂ ಕೊರಳಿನ ಹತ್ತಿರ ವಿನ್ಯಾಸ ಕಿತ್ತುಬರಬಾರದು, ಆದರೂ ಜೋಡಿ ತಪ್ಪಿದೆ ಎಂದು ಕಾಣಬೇಕು. ನಿರ್ದೇಶಕರೊಂದಿಗೆ ಕೂತು ಆ ರಟ್ಟುಗಳನ್ನು ಜರುಗಿಸುತ್ತ ನಡೆದ ಚರ್ಚೆ ಬರೀ ಬಾಯಿಮಾತಿನಲ್ಲಿ ಸಾಧ್ಯವಿರಲಿಲ್ಲ.

4. ಬಣ್ಣಕ್ಕೆ ಮೊದಲು ಆಕಾರ

ಸ್ಕೆಚ್ಚಿನ ಹೊರಗೆರೆಯನ್ನು ಇನ್ನೊಂದು ಹಾಳೆಗೆ ಇಳಿಸಿ ಒಳಗೆಲ್ಲ ಕಪ್ಪು ತುಂಬಿ. ಎಲ್ಲ ಪಾತ್ರಗಳನ್ನೂ ಹೀಗೆ ಒಂದೇ ಸಾಲಿನಲ್ಲಿ ನಿಲ್ಲಿಸಿ ದೂರದಿಂದ ನೋಡಿ. ಯಾರು ಯಾರೆಂದು ಹೇಳಲಾಗದಿದ್ದರೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ.

ಈ ವಿದ್ಯೆ ಕರಾವಳಿಯವರಿಗೆ ನೂರಾರು ವರ್ಷಗಳಿಂದ ಗೊತ್ತು. ಯಕ್ಷಗಾನದ ಬಡಗುತಿಟ್ಟಿನ ಮುಂಡಾಸಿನ ವೇಷ, ಕೇದಗೆ ಮುಂದಲೆಯ ವೇಷ, ಬಣ್ಣದ ವೇಷ, ಸ್ತ್ರೀವೇಷ, ಇವುಗಳ ನೆರಳು ಬಿದ್ದರೆ ಸಾಕು, ಗದ್ದೆಯ ಆಚೆ ಬದುವಿನ ಮೇಲೆ ಕೂತವರೂ ಗುರುತಿಸುತ್ತಾರೆ. ದೀವಟಿಗೆಯ ಬೆಳಕಿನಲ್ಲಿ, ಬಯಲಿನಲ್ಲಿ, ರಾತ್ರಿಯಿಡೀ ಆಡುತ್ತಿದ್ದ ಆಟಕ್ಕೆ ಬೇಕಾದ ಸ್ಪಷ್ಟತೆ ಅದು. 1979ರಲ್ಲಿ ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ 'ಮ್ಯಾಕ್‌ಬೆತ್'ಅನ್ನು 'ಬರ್ನಂ ವನ'ವಾಗಿ ಮಾಡಿಸಿದಾಗ ಯಕ್ಷಗಾನದತ್ತ ತಿರುಗಿದ್ದಕ್ಕೆ ಈ ಆಕಾರದ ಬಲವೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ತಲೆ, ಭುಜ, ಬುಡ: ಈ ಮೂರು ಕಡೆ ಗೆರೆ ಬದಲಾದರೆ ಪಾತ್ರ ಬದಲಾಗುತ್ತದೆ. 'ಸಂಗ್ಯಾ ಬಾಳ್ಯಾ' ಮಾಡುವಾಗ ಗಂಡಸರೆಲ್ಲ ಧೋತರ, ಅಂಗಿ, ರುಮಾಲು ತೊಟ್ಟವರೇ. ರುಮಾಲಿನ ಸುತ್ತು ಎಷ್ಟು ದಪ್ಪ, ತುದಿ ಎಲ್ಲಿ ಇಳಿಬಿದ್ದಿದೆ, ಧೋತರದ ನೆರಿಗೆ ಪಾದ ಮುಟ್ಟುತ್ತದೆಯೋ ಮೀನಖಂಡಕ್ಕೇ ನಿಲ್ಲುತ್ತದೆಯೋ ಎಂಬುದರಲ್ಲೇ ಶೋಕಿಯ ಸಾಹುಕಾರನೂ ಅವನ ಬೆನ್ನಿಗಿರುವ ಗೆಳೆಯನೂ ಬೇರೆಬೇರೆಯಾಗಬೇಕು.

5. ಆಕರ ನೋಡಿ, ಅದು ಯಾರ ಆಕರ ಎಂದೂ ಕೇಳಿ

ಈ ಪಾಠದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಅಕ್ಕರೆ. ಚರಿತ್ರೆಯ ನಾಟಕಗಳಲ್ಲಿ ನಮ್ಮ ಕೈ ತಾನಾಗಿ ಹೋಗುವುದು ಹಳೆಯ ಸಿನಿಮಾದ ಕಡೆಗೆ, ಕ್ಯಾಲೆಂಡರಿನ ಕಡೆಗೆ. ಕಾರ್ನಾಡರ 'ರಾಕ್ಷಸ ತಂಗಡಿ' (2018) ತೆಗೆದುಕೊಳ್ಳಿ. 1565ರ ಜನವರಿ 23ರಂದು ಸುಲ್ತಾನರೊಂದಿಗೆ ನಡೆದ ಯುದ್ಧ, ವಿಜಯನಗರದ ಪತನ. ಮೊದಲ ಕರಡಿನಲ್ಲಿ ಯಾರೇ ಆಗಲಿ ಬರೆಯುವುದು ಹೀಗೆ: ವಿಜಯನಗರದವರಿಗೆ ಬರಿ ಎದೆ, ಪೀತಾಂಬರ, ಕಿರೀಟ, ಭುಜಕೀರ್ತಿ, ಸುಲ್ತಾನರಿಗೆ ಉದ್ದ ನಿಲುವಂಗಿ, ಪೇಟ, ಹಸಿರು ಬಣ್ಣ. ಎರಡು ಪಾಳೆಯ ಒಂದೇ ನೋಟಕ್ಕೆ ಬೇರೆಯಾಗುತ್ತವೆ, ನಿರ್ದೇಶಕರಿಗೂ ಅನುಕೂಲ.

ಈಗ ಲೇಪಾಕ್ಷಿಗೆ ಹೋಗಿ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ವೀರಭದ್ರ ದೇವಾಲಯದ ಚಾವಣಿಯಲ್ಲಿ 16ನೇ ಶತಮಾನದ ವಿಜಯನಗರದ ಚಿತ್ರಗಳಿವೆ. ಕತ್ತು ನೋಯುವವರೆಗೆ ನೋಡಿ. ಅಲ್ಲಿಯ ಪ್ರಮುಖರು ತುಂಬುತೋಳಿನ, ಉದ್ದನೆಯ, ಬಿಳಿಯ ಹೊಲಿದ ಅಂಗಿ ತೊಟ್ಟಿದ್ದಾರೆ. ತಲೆಯ ಮೇಲೆ ಎತ್ತರದ ಕೊಳವೆಯಂಥ ಟೊಪ್ಪಿಗೆ. ಕಬಾಯಿ, ಕುಲ್ಲಾಯಿ ಎಂದು ಆ ಕಾಲದವರು ಕರೆದದ್ದು ಇವನ್ನೇ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೂಡ ಕೃಷ್ಣದೇವರಾಯನನ್ನು ಕಂಡದ್ದು ಬಂಗಾರದ ಗುಲಾಬಿಗಳ ಕಸೂತಿಯಿದ್ದ ಬಿಳಿ ವಸ್ತ್ರದಲ್ಲಿ, ತಲೆಗೆ ಜರಿಯ ಟೊಪ್ಪಿಗೆ, ಕಾಲು ಬರಿದು. ಅದೇ ರಾಯ ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಲೋಹದ ಪ್ರತಿಮೆಯಲ್ಲಿ ಬರಿಮೈಯಲ್ಲಿದ್ದಾನೆ, ಧೋತ್ರ ಉಟ್ಟಿದ್ದಾನೆ, ಎತ್ತರದ ಟೊಪ್ಪಿಗೆ ಮಾತ್ರ ತಲೆಯ ಮೇಲಿದೆ. ದೇವರ ಮುಂದೆ ಒಂದು ಉಡುಪು, ದರ್ಬಾರಿನಲ್ಲಿ ಇನ್ನೊಂದು.

ಹಾಗಾದರೆ ಎರಡು ಪಾಳೆಯದವರ ದರ್ಬಾರಿನ ಉಡುಪಿನ ಕತ್ತರಿಕೆ ಹೆಚ್ಚುಕಡಿಮೆ ಒಂದೇ ಲೋಕದ್ದು. ವಿಜಯನಗರದ ರಾಮರಾಯ ತಾರುಣ್ಯದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. ಬಿಜಾಪುರದ ಅಲಿ ಆದಿಲಶಹನನ್ನು ಮಗನಂತೆ ಕಂಡವನು. ಒಂದೇ ಥರದ ಅಂಗಿ ತೊಟ್ಟು ಒಬ್ಬರ ಮನೆಯಲ್ಲಿ ಒಬ್ಬರು ಕೂತು ಎದ್ದವರು ಕೊನೆಗೆ ರಣರಂಗದಲ್ಲಿ ಎದುರಾದರು ಎಂಬುದರಲ್ಲಿ ಈ ನಾಟಕದ ನೋವೆಲ್ಲ ಇದೆ. ಕ್ಯಾಲೆಂಡರಿನ ವೇಷ ಹಾಕಿಸಿದರೆ ಆ ನೋವನ್ನು ವೇದಿಕೆಗೆ ಬರುವ ಮೊದಲೇ ಅಳಿಸಿಬಿಟ್ಟಂತೆ.

ಆದರೂ ಯಾರು ಯಾರೆಂದು ನೋಡುಗರಿಗೆ ತಿಳಿಯಬೇಕಲ್ಲ. ಆಗ ವ್ಯತ್ಯಾಸವನ್ನು ಕತ್ತರಿಕೆಯಿಂದ ತೆಗೆದು ಬಟ್ಟೆಯ ಬಣ್ಣಕ್ಕೆ, ಸೊಂಟದ ಪಟ್ಟಿಗೆ, ತಲೆಯ ಉಡುಪಿಗೆ ಹಾಕಬೇಕು. ಇನ್ನೊಂದು ಒಳಗಿನ ವ್ಯತ್ಯಾಸವೂ ಇದೆ: ಹೆಸರಿಗೆ ಅರಸ ಸದಾಶಿವರಾಯ, ಅಧಿಕಾರವೆಲ್ಲ ಅಳಿಯ ರಾಮರಾಯನದು. ಇಬ್ಬರೂ ಅಕ್ಕಪಕ್ಕ ನಿಂತರೆ ಯಾರ ಕುಲ್ಲಾಯಿ ಎತ್ತರ? ಯಾರ ಜರಿ ಹೊಸದು? ಇಂಥ ಪ್ರಶ್ನೆಗೆ ಉತ್ತರ ಹುಡುಕುವಾಗ ಸ್ಕೆಚ್ ನಾಟಕದ ಅರ್ಥವನ್ನೇ ಮುಟ್ಟುತ್ತದೆ.

ಆಕರಗಳೆಲ್ಲ ಉಳ್ಳವರವು ಎಂಬುದನ್ನೂ ನೆನಪಿಡಿ. ಕಾರ್ನಾಡರ 'ತಲೆದಂಡ' (1990) 12ನೇ ಶತಮಾನದ ಕಲ್ಯಾಣದ್ದು. ಚಾಲುಕ್ಯರ, ಹೊಯ್ಸಳರ ದೇಗುಲಗಳ ಶಿಲ್ಪ ನೋಡಿ ಅರಸ ಬಿಜ್ಜಳನ ಅರಮನೆಯ ಒಡವೆ ಬರೆಯಬಹುದು. ಚಮ್ಮಾರನೊಬ್ಬ, ಅಗಸನೊಬ್ಬ, ದಿನವಿಡೀ ದುಡಿಯುವ ಹೆಂಗಸೊಬ್ಬಳು ಏನು ಉಟ್ಟಿದ್ದರೆಂದು ಆ ಶಿಲ್ಪಗಳ ಮದನಿಕೆಯರು ಹೇಳುವುದಿಲ್ಲ. ಅಲ್ಲಿ ಕಸುಬಿನಿಂದ ಶುರುಮಾಡಿ. ಚರ್ಮ ಹದ ಮಾಡುವವನ ತೊಡೆಯ ಮೇಲೆ ಏನಿರಬೇಕು, ನೀರಿನಲ್ಲಿ ನಿಲ್ಲುವವನ ಬಟ್ಟೆ ಎಷ್ಟು ಮೇಲಕ್ಕೆ ಕಟ್ಟಿರಬೇಕು ಎಂದು ಯೋಚಿಸಿದರೆ ಗೆರೆ ತಾನಾಗಿ ಬರುತ್ತದೆ. ರೋಶನ್ ಅಲ್ಕಾಜಿಯವರು 1983ರಲ್ಲಿ ಪ್ರಾಚೀನ ಭಾರತದ ಉಡುಪಿನ ಬಗ್ಗೆ ಹೊರತಂದ ಪುಸ್ತಕ ಹತ್ತಿರವಿದ್ದರೆ ಒಳ್ಳೆಯದು. ಶಿಲ್ಪ, ಚಿತ್ರಗಳಿಂದ ಉಡುಪನ್ನು ಬಿಡಿಸಿ ತೆಗೆದ ಅದರ ರೇಖಾಚಿತ್ರಗಳು ಉಡುವ ಬಗೆಯನ್ನು ತಿಳಿಸುತ್ತವೆ.

6. ಬಟ್ಟೆಯ ಚೂರಿಲ್ಲದ ಸ್ಕೆಚ್ ಅರ್ಧ ಸ್ಕೆಚ್

ಜಲವರ್ಣದಲ್ಲಿ ಎಲ್ಲ ಬಟ್ಟೆಯೂ ರೇಷ್ಮೆಯಂತೆ ಹರಿಯುತ್ತದೆ. ಅಂಗಡಿಯ ಬಟ್ಟೆ ಹಾಗಲ್ಲ. ಗುಳೇದಗುಡ್ಡದ ಖಣ ಬಿರುಸಾಗಿ ನಿಲ್ಲುತ್ತದೆ, ಕುಪ್ಪಸಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ನೆರಿಗೆಯ ಲಂಗ ಬರೆದರೆ ಹಾಳೆ ಸುಳ್ಳು ಹೇಳುತ್ತದೆ. ಹತ್ತಿಯ ಇಳಕಲ್ ಸೀರೆಗೆ ತನ್ನದೇ ತೂಕವಿದೆ, ಕುಣಿದಾಗ ಮೈಯೊಂದಿಗೆ ಸರಿಯುತ್ತದೆ. ಪಾಲಿಯೆಸ್ಟರ್ ನೆರಿಗೆ ಹಾರುತ್ತದೆಯೇ ಹೊರತು ಇಳಿಯುವುದಿಲ್ಲ. ಅದಕ್ಕಾಗಿ ಚಿಕ್ಕಪೇಟೆಯ ಓಣಿಗಳನ್ನು ಸುತ್ತುವುದು ಸ್ಕೆಚ್ ಮುಗಿದ ಮೇಲೆ ಮಾಡುವ ಕೆಲಸವಲ್ಲ, ಸ್ಕೆಚ್ಚಿನದೇ ಭಾಗ. ತುಂಡು ತನ್ನಿ, ಒಗೆದು ನೋಡಿ, ಮುದುಡಿ ನೋಡಿ, ಆಮೇಲೆ ಹಾಳೆಯ ಮೂಲೆಗೆ ಸೇರಿಸಿ.

'ತುಘಲಕ್'ಗೇ ಒಮ್ಮೆ ಮರಳುತ್ತೇನೆ. ಆ ಸುಲ್ತಾನನ ಕಾರ್ಖಾನೆಯಲ್ಲಿ ಗೌರವದ ನಿಲುವಂಗಿಗಳಿಗೆಂದು ರೇಷ್ಮೆ ನೇಕಾರರ ದೊಡ್ಡ ಪಡೆಯೇ ಇತ್ತೆಂದು ಅದೇ ಶತಮಾನದ ಅರಬ್ ಲೇಖಕ ಅಲ್ ಉಮರಿ ಬರೆದಿದ್ದಾನೆ. ಹಾಗೆಂದರೆ ಅಮೀರನ ಮೈಮೇಲಿನ ಬಟ್ಟೆ ಸುಲ್ತಾನ ಕೊಟ್ಟದ್ದು. ಎಲ್ಲ ಅಮೀರರಿಗೂ ಒಂದೇ ಥಾನಿನಿಂದ ಬಟ್ಟೆ ಕತ್ತರಿಸಿದರೆ ಅವರ ಸಂಚಿನ ದೃಶ್ಯ ಇನ್ನಷ್ಟು ಹರಿತವಾಗುತ್ತದೆ: ಯಾರ ವಿರುದ್ಧ ಪಿಸುಗುಡುತ್ತಿದ್ದಾರೋ ಅವನದೇ ಬಟ್ಟೆಯಲ್ಲಿ ಕೂತಿರುತ್ತಾರೆ. ಖರ್ಚೂ ಉಳಿಯುತ್ತದೆ.

ಖರ್ಚಿನ ಮಾತು ಬಂದಿತು. ಪ್ರತಿ ಸ್ಕೆಚ್ಚಿನ ಕೆಳಗೆ ಎಷ್ಟು ಮೀಟರ್ ಬಟ್ಟೆ ಬೇಕೆಂದು ಬರೆಯಿರಿ. ಪೂರ್ತಿ ಸುತ್ತಿನ ಲಂಗವನ್ನು ಪೆನ್ಸಿಲ್ ಒಂದೇ ಗೆರೆಯಲ್ಲಿ ಬರೆದುಬಿಡುತ್ತದೆ. 28 ಇಂಚಿನ ಸೊಂಟ, 38 ಇಂಚಿನ ಉದ್ದ, 44 ಇಂಚು ಪನ್ನದ ಬಟ್ಟೆಯಾದರೆ ಅದಕ್ಕೆ ಸುಮಾರು ನಾಲ್ಕೂವರೆ ಮೀಟರ್ ಬೇಕು. ಮೇಳದಲ್ಲಿ ಎಂಟು ಜನರಿದ್ದರೆ 36 ಮೀಟರ್. ತಂಡದ ಖಜಾಂಚಿಗೆ ಈ ಲೆಕ್ಕ ಮೊದಲೇ ಸಿಗಬೇಕು.

7. ಬೆಳಕಿನವರ ಮೇಜಿಗೆ ಹಾಳೆ ಒಯ್ಯಿರಿ

ಕೆಂಪು ಬಟ್ಟೆಯ ಮೇಲೆ ಹಸಿರು ಬೆಳಕು ಬಿದ್ದರೆ ಅದು ಹೆಚ್ಚುಕಡಿಮೆ ಕಪ್ಪಾಗುತ್ತದೆ, ಏಕೆಂದರೆ ಆ ಬಟ್ಟೆ ಹಸಿರನ್ನು ನುಂಗಿಬಿಡುತ್ತದೆ. ನೀಲಿ ಬಟ್ಟೆ ಕೇಸರಿ ಬೆಳಕಿನಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ಕೆಂಪು, ಹಸಿರು, ನೀಲಿಯ ಬಿಡಿ ದೀಪಗಳನ್ನು ಬೆರೆಸಿ ಬಣ್ಣ ಕೊಡುವ ಎಲ್‌ಇಡಿಗಳಲ್ಲಿ, ಹಳೆಯ ಹ್ಯಾಲೊಜನ್ ದೀಪದಡಿ ಚೆನ್ನಾಗಿದ್ದ ನಡುವಿನ ಬಣ್ಣಗಳು ಬೇರೆಯಾಗಿ ಕಾಣಬಹುದು. ಬಟ್ಟೆಯ ಚೂರುಗಳನ್ನು ಹಿಡಿದು ಬೆಳಕಿನವರ ಹತ್ತಿರ ಕೂತರೆ ಅರ್ಧ ಗಂಟೆಯ ಕೆಲಸ.

ಬಿಳಿಯ ವಿಷಯದಲ್ಲಿ ಮಾತ್ರ ಯಾವತ್ತೂ ಎಚ್ಚರ. ಹೊಸ ಮಲ್ಲಿನ ಪಂಚೆ ಬೆಳಕಿನಡಿ ಉರಿಯುತ್ತದೆ. ಪಕ್ಕದ ನಟನ ಮುಖವೇ ಕಾಣದಂತೆ ಮಾಡುತ್ತದೆ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ ಬಿಳಿಯೇ ರಂಗದ ಬಿಳಿ. ಸ್ಕೆಚ್ಚಿನಲ್ಲೂ ಹಾಳೆಯ ಬಿಳಿಯನ್ನು ಹಾಗೇ ಬಿಡದೆ ಆ ಕೆನೆಬಣ್ಣವನ್ನೇ ಹಚ್ಚಿ.

8. ಹಾಳೆಗೆ ಬೆನ್ನೂ ಇರಲಿ

ಟೈಲರ್ ಕೇಳುವ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: "ಹಾಕ್ಕೊಳೋದು ಎಲ್ಲಿಂದ ಮೇಡಂ?" ಮುಂದಿನ ನೋಟದ ಸ್ಕೆಚ್ಚಿನಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಬೆನ್ನಿನ ನೋಟವನ್ನು ಬಣ್ಣವಿಲ್ಲದೆ, ಬರೀ ಗೆರೆಯಲ್ಲಿ ಪಕ್ಕಕ್ಕೆ ಬರೆದು ಲಾಡಿ, ಗುಂಡಿ, ಕೊಕ್ಕೆ, ಜಿಪ್ ಎಲ್ಲಿ ಬರುತ್ತವೆಂದು ತೋರಿಸಿ. ಬೇಗ ವೇಷ ಬದಲಿಸಬೇಕಾದ ಕಡೆ ಕೆಂಪು ಪೆನ್ಸಿಲಿನಲ್ಲಿ ಎಷ್ಟು ಸಮಯ ಇದೆ ಎಂದು ಬರೆಯಿರಿ. ವೆಲ್ಕ್ರೋ ಎಲ್ಲರಿಗೂ ಇಷ್ಟ, ಆದರೆ ಅದರ ಪರಕ್ ಸದ್ದು ಪ್ರೇಕ್ಷಕರವರೆಗೆ ಕೇಳುತ್ತದೆ. ಸೈಡ್ ವಿಂಗ್‌ನಲ್ಲಿ ಬದಲಿಸುವುದಾದರೆ ದೊಡ್ಡ ಟಿಚ್ ಬಟನ್ ಮೇಲು. ಒಂದು ವೇಷದ ಕೆಳಗೆ ಇನ್ನೊಂದು ತೊಟ್ಟೇ ಬರುವುದಾದರೆ ಎರಡನ್ನೂ ಒಂದರ ಮೇಲೊಂದು ಟ್ರೇಸಿಂಗ್ ಹಾಳೆಯಲ್ಲಿ ಬರೆಯಿರಿ. ಒಳಗಿನ ಕಾಲರ್ ಹೊರಗೆ ಇಣುಕುತ್ತದೆಯೇ ಎಂದು ಆಗಲೇ ಗೊತ್ತಾಗುತ್ತದೆ.

ಅಳತೆಯನ್ನು ಚಿತ್ರದ ಮೇಲೇ ಗೀಚಬೇಡಿ, ಬೇರೆ ಚೀಟಿಯಲ್ಲಿ ಕೊಡಿ. ಜೊತೆಗೆ ಒಂದು ವಾಕ್ಯದಲ್ಲಿ ಪಾತ್ರದ ಕಥೆ ಹೇಳಿ. "ಇವಳು ಮಗನನ್ನು ಕಳಕೊಂಡೋಳು, ಮೈಮೇಲೆ ಎಚ್ಚರ ಇಲ್ಲ" ಎಂದದ್ದಕ್ಕೆ ಟೈಲರ್ ಮಾಸ್ತರೊಬ್ಬರು ತಾವಾಗಿಯೇ ಕುಪ್ಪಸದ ಒಂದು ಕಡೆಯ ಹಿಡಿತವನ್ನು ಸಡಿಲ ಬಿಟ್ಟು ಕೊಟ್ಟಿದ್ದರು. ನನ್ನ ಹಾಳೆಯಲ್ಲಿ ಅದು ಇರಲೇ ಇಲ್ಲ. ಇಂಥವರ ಜೊತೆ ಕೆಲಸ ಮಾಡಲು ಸಿಕ್ಕಿದ್ದು ನನ್ನ ಭಾಗ್ಯ.

9. ಕೊಳೆಯನ್ನೂ ಬರೆಯಿರಿ

ನಾಟ್ಯಶಾಸ್ತ್ರ ಆಹಾರ್ಯವನ್ನು, ಅಂದರೆ ವೇಷಭೂಷಣವನ್ನು ಹೇಳುವಾಗ ಉಡುಪನ್ನು ಶುದ್ಧ, ವಿಚಿತ್ರ, ಮಲಿನ ಎಂದು ಮೂರಾಗಿ ವಿಂಗಡಿಸುತ್ತದೆ. ಬಿಳಿಯದು, ಬಣ್ಣಬಣ್ಣದ್ದು, ಕೊಳೆಯಾದದ್ದು. ಹುಚ್ಚರಿಗೆ, ದಾರಿ ನಡೆದು ಬಂದವರಿಗೆ, ಸಂಕಟಕ್ಕೆ ಸಿಕ್ಕವರಿಗೆ ಮಲಿನ ವೇಷ. ಕೊಳೆಯನ್ನು ಅಷ್ಟು ಹಿಂದೆಯೇ ಒಂದು ವೇಷವೆಂದು ಎಣಿಸಿದ ಆ ಕಣ್ಣಿಗೆ ನಾನು ಕೈಮುಗಿಯುತ್ತೇನೆ. ನಮ್ಮ ಎಷ್ಟೋ ನಾಟಕಗಳಲ್ಲಿ ಕೂಲಿಯವನ ಅಂಗಿ ಇಸ್ತ್ರಿ ಹಾಕಿಸಿಕೊಂಡೇ ರಂಗಕ್ಕೆ ಬರುತ್ತದೆ.

ಸವೆತಕ್ಕೆ ಜಾಗಗಳಿವೆ. ಮೊಣಕೈ, ಮೊಣಕಾಲು, ಕೊರಳಪಟ್ಟಿ, ಜೇಬಿನ ಬಾಯಿ, ನೆಲಕ್ಕೆ ತಾಗುವ ಅಂಚು. ಮೂಟೆ ಹೊರುವವನಿಗೆ ಒಂದೇ ಭುಜ ಸವೆದಿರುತ್ತದೆ. ಒಲೆಯ ಮುಂದೆ ಕೂರುವವಳಿಗೆ ಸೆರಗಿನ ತುದಿ. ಸ್ಕೆಚ್ಚಿನ ಮೇಲೆ ಈ ಜಾಗಗಳನ್ನು ಚುಕ್ಕೆಯಿಟ್ಟು ತೋರಿಸಿ, ಹೇಗೆ ಹಳತು ಮಾಡಬೇಕೆಂದು ಪಕ್ಕದಲ್ಲಿ ಬರೆಯಿರಿ: ಉಪ್ಪುಕಾಗದದಲ್ಲಿ ಉಜ್ಜುವುದೋ, ತುರಿಮಣೆಯಲ್ಲಿ ಕೆರೆಯುವುದೋ, ಕಾಫಿ ನೀರಿನಲ್ಲಿ ಅದ್ದುವುದೋ. ಹೊಸ ಬಟ್ಟೆಯನ್ನು ಸವೆಸುವುದಕ್ಕೆ ಹೊಲಿಯುವಷ್ಟೇ ದಿನ ಬೇಕು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಇಡದವರು ಪ್ರದರ್ಶನದ ಹಿಂದಿನ ರಾತ್ರಿ ಗ್ರೀನ್ ರೂಮಿನಲ್ಲಿ ಮಣ್ಣು ಮೆತ್ತುತ್ತ ಕೂರುತ್ತಾರೆ.

10. ನಟರಿಗೆ ಮೊದಲ ವಾರವೇ ತೋರಿಸಿ

ಸ್ಕೆಚ್ಚುಗಳನ್ನು ತಾಲೀಮಿನ ಗೋಡೆಗೆ ಅಂಟಿಸಿ. ಉದ್ದ ಲಂಗದವಳಿಗೆ ಅಷ್ಟೇ ಉದ್ದದ ಹಳೆಯ ಲಂಗ, ಎತ್ತರದ ಟೊಪ್ಪಿಗೆಯವನಿಗೆ ರಟ್ಟಿನ ಕೊಳವೆ ಅಂದಿನಿಂದಲೇ ಕೊಡಿ. ನಡಿಗೆ ಬದಲಾಗುತ್ತದೆ, ನಡಿಗೆ ನೋಡಿ ಸ್ಕೆಚ್ಚೂ ಬದಲಾಗುತ್ತದೆ.

11. ಹಾಳೆಗಳನ್ನು ಉಳಿಸಿ

ಇಂಗ್ಲೆಂಡಿನ ಇನಿಗೊ ಜೋನ್ಸ್ 1605ರಿಂದ 1640ರವರೆಗೆ ಅರಮನೆಯ ನೃತ್ಯರೂಪಕಗಳಿಗೆ ಬರೆದ ವೇಷದ ಸ್ಕೆಚ್ಚುಗಳು ಚಾಟ್ಸ್‌ವರ್ತ್ ಸಂಗ್ರಹದಲ್ಲಿ ಇಂದಿಗೂ ನೂರುಗಟ್ಟಲೆ ಇವೆ. ನಾಲ್ಕು ನೂರು ವರ್ಷದ ಹಿಂದಿನ ವೇಷವನ್ನು ಅಲ್ಲಿಯವರು ಮತ್ತೆ ಹೊಲಿಯಬಲ್ಲರು. ನಮ್ಮಲ್ಲಿ 1970ರ ದಶಕದ ದೊಡ್ಡ ದೊಡ್ಡ ಪ್ರಯೋಗಗಳಿಂದ ಉಳಿದಿರುವುದು ಬಹುಪಾಲು ಕಪ್ಪುಬಿಳುಪು ಫೋಟೋಗಳು. ಆ ಸೀರೆಯ ಬಣ್ಣ ಯಾವುದಿತ್ತೆಂದು ಕೇಳಲು ಹೋದರೆ ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊಲಿದ ವೇಷಗಳು ಇನ್ನೊಂದು ನಾಟಕಕ್ಕೆ ಕತ್ತರಿಸಲ್ಪಟ್ಟಿರುತ್ತವೆ ಅಥವಾ ಗೆದ್ದಲಿಗೆ ಹೋಗಿರುತ್ತವೆ. ಹಾಳೆಯೊಂದಿದ್ದಿದ್ದರೆ, ಅದರ ಮೂಲೆಯಲ್ಲಿ ಒಂದಿಂಚು ಬಟ್ಟೆಯಿದ್ದಿದ್ದರೆ ಸಾಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆದ್ದರಿಂದ ಪ್ರತಿ ಹಾಳೆಯ ಹಿಂದೆ ನಾಟಕ, ಪಾತ್ರ, ದೃಶ್ಯ, ನಟರ ಹೆಸರು, ತಿಂಗಳು, ವರ್ಷ ಮತ್ತು ಹೊಲಿದವರ ಹೆಸರು ಬರೆಯಿರಿ. ಬದಲಾವಣೆ ಆದರೆ ಹಳೆಯದನ್ನು ಅಳಿಸದೆ ಹೊಸ ಹಾಳೆ ಸೇರಿಸಿ. ಫೋನಿನಲ್ಲಿ ಫೋಟೋ ತೆಗೆದು ತಂಡದ ಇಬ್ಬರಿಗಾದರೂ ಕಳಿಸಿ. ಮಳೆಗಾಲದಲ್ಲಿ ಹಾಳೆಗಳು ಒಂದಕ್ಕೊಂದು ಅಂಟದಂತೆ ನಡುವೆ ಬಟರ್ ಪೇಪರ್ ಹಾಕಿ. ಬಟ್ಟೆಯ ಚೂರಿಗೆ ಸ್ಟೇಪ್ಲರ್ ಪಿನ್ ಬೇಡ, ತುಕ್ಕು ಹಿಡಿದು ಬಟ್ಟೆಯನ್ನೂ ಹಾಳೆಯನ್ನೂ ತಿನ್ನುತ್ತದೆ. ಸೂಜಿ ದಾರದಲ್ಲಿ ಎರಡು ಹೊಲಿಗೆ ಹಾಕಿ.